ಬಸ್ಸು ತಿರುಗುವ ಜಾಗದಿಂದ ಆಚೆಗೆ

ಡೆಟ್ರಾಯಿಟ್ ನಗರದ ಪೂರ್ವ ದಿಕ್ಕಿನ ಒಂದು ಬೀದಿಯಲ್ಲಿ ಅಕ್ಕ ಒಡೆಸ್ಸಾಳ ಜೊತೆ ವಾಸವಾಗಿದ್ದ ವರ್ಲೀನ್ ಟಿಬ್ಸ್ ಬೆಳಗ್ಗೆ ಎದ್ದವಳೇ ಮೊದಲು ಕಿಟಕಿಯ ಪರದೆ ಸರಿಸಿ ರಸ್ತೆ ನೋಡುತ್ತಿದ್ದಳು. ಹಿಮ ಬಿದ್ದಿದೆಯೇ, ಬಿದ್ದಿದ್ದರೆ ಎಷ್ಟು, ಅದನ್ನು ಗೋರುವ ಲಾರಿ ಬಂದುಹೋಗಿದೆಯೇ. ಆ ಒಂದು ನೋಟದಲ್ಲೇ ಅಂದಿನ ದಿನಕ್ಕೆ ಎಷ್ಟು ಹೆದರಬೇಕು ಎಂಬುದು ಅವಳಿಗೆ ಗೊತ್ತಾಗಿಬಿಡುತ್ತಿತ್ತು.

ಅವಳಿಗೆ ಐವತ್ತಾರು. ಹತ್ತೊಂಬತ್ತು ವರ್ಷ ಒಂದು ಶಾಲೆಯ ಅಡುಗೆಮನೆಯಲ್ಲಿ ದುಡಿದಿದ್ದಳು. ಮನೆಯಿಂದ ನಾಲ್ಕು ಬೀದಿ ದಾಟಿದರೆ ಶಾಲೆ. ಮಕ್ಕಳು ಕಡಿಮೆಯಾಗುತ್ತ ಬಂದು ಶಾಲೆ ಮುಚ್ಚಿತು. ಆಮೇಲೆ ಆರು ವಾರದ ತರಬೇತಿ ಪಡೆದು, ವಯಸ್ಸಾದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಕೆಲಸ ಕೊಡುವ ಸಂಸ್ಥೆಯ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ನಂಬಬಹುದಾದ ಸ್ವಂತ ವಾಹನ ಇದೆಯೇ? ವರ್ಲೀನ್ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತಳು. ಅವಳ ಕಾರಿನ ಇಂಜಿನ್ ಹೋಗಿ ಎರಡು ಚಳಿಗಾಲ ಕಳೆದಿದ್ದವು. ಇನ್ನೊಂದು ಹಳೇ ಕಾರು ಹೇಗೋ ಹೊಂದಿಸಬಹುದಿತ್ತು. ಆದರೆ ಅಲ್ಲಿ ವಿಮೆಯ ದರ ಬೀದಿಯಿಂದ ಬೀದಿಗೆ ಬೇರೆ; ಅವಳಿದ್ದ ಬೀದಿಯ ವಿಳಾಸ ಹೇಳಿದರೆ ಸಾಕು, ಕಾರಿಗಿಂತ ವಿಮೆಯೇ ಭಾರವಾಗುತ್ತಿತ್ತು. ಇಲ್ಲ ಎಂದು ಬರೆದವರನ್ನು ಆ ಸಂಸ್ಥೆ ಕರೆಯುವುದೇ ಇಲ್ಲವೆಂದು ತರಬೇತಿಯಲ್ಲಿ ಪಕ್ಕ ಕೂತವಳು ಹೇಳಿದ್ದಳು. ವರ್ಲೀನ್ 'ಇದೆ' ಎಂಬಲ್ಲಿ ಗುರುತು ಹಾಕಿದಳು.

"ಕಾರಿಲ್ದೋಳು ಕಾರಿದೆ ಅಂತ ಬರ್ದು ಬಂದಿದೀಯ," ಎಂದಳು ಒಡೆಸ್ಸಾ. "ಸಿಕ್ಕಿಬಿದ್ರೆ?"

"ಇತ್ತಲ್ಲ ಕಾರು."

"ಇತ್ತು. ಅಪ್ಪಾನೂ ಇದ್ದ. ಅವ್ನನ್ನೂ ಬರ್ಕೋಬೇಕಿತ್ತು."

ಸಂಸ್ಥೆ ಅವಳನ್ನು ಕಳಿಸಿದ್ದು ಎಲ್ಡರ್‌ವುಡ್ ಎಂಬ ಉಪನಗರಕ್ಕೆ, ಟ್ಯಾಡ್ ಬೀಲಾಕ್ ಎಂಬ ಎಂಬತ್ಮೂರು ವರ್ಷದವರ ಮನೆಗೆ. ಹೆಂಡತಿ ತೀರಿಕೊಂಡಿದ್ದರು. ಸಕ್ಕರೆ ಕಾಯಿಲೆ ಕಣ್ಣಿನ ನಡುಭಾಗವನ್ನು ತಿಂದುಹಾಕಿತ್ತು. ಅಂಚಿನಲ್ಲಿ ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು. ಇನ್ಸುಲಿನ್ ಪೆನ್ನಿನ ಅಂಕಿಗಳು ಅವರಿಗೆ ಕಾಣುತ್ತಿರಲಿಲ್ಲ. ಕ್ಲಿಕ್ ಕ್ಲಿಕ್ ಎಂದು ತಿರುಗುವ ಅದನ್ನು ವರ್ಲೀನ್ ಅಂಕಿ ನೋಡಿ ತಿರುಗಿಸಿಕೊಡಬೇಕು, ಅವರು ಚುಚ್ಚಿಕೊಳ್ಳಬೇಕು, ಕಾಲು ಗಂಟೆಯೊಳಗೆ ಅವಳು ತಿಂಡಿ ಮುಂದಿಡಬೇಕು. ಎಂಟೂವರೆಗೆ ಆ ಮನೆಯಲ್ಲಿ ನಿಂತು ಫೋನಿನಲ್ಲಿ ಹಾಜರಿ ಒತ್ತಬೇಕು. ಎಲ್ಲಿಂದ ಒತ್ತಿದಳು ಎಂಬುದೂ ಆ ಫೋನಿಗೆ ತಿಳಿಯುತ್ತಿತ್ತು. ಮೂರು ತಿಂಗಳಲ್ಲಿ ಮೂರು ಸಲ ತಡವಾದರೆ ಆ ಮನೆಯ ಕೆಲಸ ಹೋಗುತ್ತದೆ.

ಎಲ್ಡರ್‌ವುಡ್‌ಗೆ ಬಸ್ಸಿಲ್ಲ. ಬಸ್ಸಿಗೆಂದು ತೆರಿಗೆ ಕೊಡುವುದಿಲ್ಲ ಎಂದು ಅಲ್ಲಿಯವರು ನಾಲ್ಕು ಸಲ ಮತ ಹಾಕಿ ನಿರ್ಧರಿಸಿದ್ದರು. ಹಾಗಾಗಿ ನಗರದ ಬಸ್ಸಿನಿಂದ ಇಳಿದು ಉಪನಗರದ ಬಸ್ಸು ಹತ್ತಿದರೆ, ಅದು ಎಲ್ಡರ್‌ವುಡ್‌ನ ಗಡಿಯವರೆಗೆ ಬಂದು, ಒಂದು ಪೀಠೋಪಕರಣದ ಅಂಗಡಿಯ ಮುಂದಿನ ಬಯಲಿನಲ್ಲಿ ಸುತ್ತು ಹಾಕಿ, ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಅಲ್ಲಿಂದ ಬೀಲಾಕ್ ಅವರ ಮನೆಗೆ ಒಂದೂಮುಕ್ಕಾಲು ಮೈಲಿ.

"ಇಲ್ಲಿಂದಾಚೆ ಒಂದ್ ಗಾಲೀನೂ ಹಾಕೋ ಹಾಗಿಲ್ಲ, ಮಿಸ್ ವರ್ಲೀನ್," ಎಂದು ಬಸ್ಸಿನ ಡ್ರೈವರ್ ಕ್ಲೀಟಸ್ ಮೊದಲ ದಿನವೇ ಹೇಳಿದ್ದ. "ಹಾಕಿದ್ರೆ ನಾನೂ ನಿಮ್ ಜೊತೆ ನಡೀಬೇಕಾಗತ್ತೆ."

"ನಡೀರಿ, ಹೊಟ್ಟೆ ಕರಗತ್ತೆ."

"ನಮ್ಮನೆಯೋಳೂ ಅದೇ ಹೇಳ್ತಾಳೆ."

ಆ ಒಂದೂಮುಕ್ಕಾಲು ಮೈಲಿಯನ್ನು ಅವಳು ಮನಸ್ಸಿನಲ್ಲಿ ತುಂಡು ತುಂಡು ಮಾಡಿ ಇಟ್ಟುಕೊಂಡಿದ್ದಳು. ಅಂಗಡಿಯಿಂದ ಪೆಟ್ರೋಲ್ ಬಂಕಿನವರೆಗೆ ಕಾಲುದಾರಿ ಇದೆ. ಬಂಕಿನಿಂದ ಸಸಿ ಮಾರುವವರ ತೋಟದವರೆಗೆ ಹುಲ್ಲು, ಹುಲ್ಲಿನಲ್ಲಿ ಹೆಜ್ಜೆ ಬಿದ್ದು ಸವೆದ ಒಂದು ಗೆರೆ. ಅಂದರೆ ತನ್ನಂತೆ ನಡೆಯುವವರು ಇನ್ನೂ ಕೆಲವರಿದ್ದಾರೆ ಎಂದಾಯಿತು. ಅವಳು ಯಾರನ್ನೂ ನೋಡಿರಲಿಲ್ಲ. ತೋಟದ ಆಚೆ ಒಂದು ತೊರೆ, ತೊರೆಯ ಮೇಲೆ ಸೇತುವೆ. ಆ ಸೇತುವೆಯ ಮೇಲೆ ನಡೆಯಲು ಅಂಚೇ ಇರಲಿಲ್ಲ. ಕಾರು ಓಡುವ ಪಟ್ಟೆ ಮುಗಿದಲ್ಲೇ ಕಬ್ಬಿಣದ ತಡೆ. ಎಂಬತ್ತೆರಡು ಹೆಜ್ಜೆ. ಎದುರಿಗೆ ಬರುವ ಕಾರುಗಳನ್ನು ನೋಡುತ್ತ ನಿಂತು, ಸಿಗ್ನಲ್ ಬಿದ್ದು ಅವುಗಳ ಸಾಲು ಕಡಿದಾಗ ಚೀಲವನ್ನು ಎದೆಗವುಚಿಕೊಂಡು ಓಡಬೇಕು. ಆರು ತಿಂಗಳಾದರೂ ಆ ಎಂಬತ್ತೆರಡು ಹೆಜ್ಜೆ ಅವಳಿಗೆ ರೂಢಿಯಾಗಲಿಲ್ಲ. ಕೆಲವರು ಕಾರು ನಿಧಾನ ಮಾಡಿ ಅವಳನ್ನೇ ದಿಟ್ಟಿಸುತ್ತಿದ್ದರು. ಆ ರಸ್ತೆಯಲ್ಲಿ ನಡೆಯುವವರೆಂದರೆ ಕಾರು ಕೆಟ್ಟವರು ಇಲ್ಲವೇ ತಲೆ ಕೆಟ್ಟವರು. ಒಮ್ಮೆ ಯಾರೋ ಪೊಲೀಸರಿಗೆ ಫೋನ್ ಮಾಡಿ, ಪೊಲೀಸಿನವನು ಬಂದು, "ಎಲ್ಲಿಗೆ ಹೊರಟಿದೀರಿ ಮೇಡಂ?" ಎಂದು ಕೇಳಿದ್ದ. "ಕೆಲಸಕ್ಕೆ," ಎಂದಿದ್ದಳು. ಅವನು ಹಿಂದೆ ಮುಂದೆ ನೋಡಿ, "ನಡ್ಕೊಂಡಾ?" ಎಂದಿದ್ದ.

ಮಿಸ್ಟರ್ ಬೀಲಾಕ್‌ಗೂ ಅವಳು ನಿಜ ಹೇಳಿರಲಿಲ್ಲ. ಅವರು ಸಂಸ್ಥೆಯೊಂದಿಗೆ ಮಾತಾಡುವಾಗ ಬಾಯಿತಪ್ಪಿ ಆಡಿಬಿಟ್ಟರೆ ಎಂಬ ಭಯ. ತಂಗಿಯ ಮಗ ಬೀದಿಯ ತಿರುವಿನಲ್ಲಿ ಬಿಟ್ಟುಹೋಗುತ್ತಾನೆ ಎಂದು ಹೇಳಿದ್ದಳು. ಅವಳಿಗೆ ತಂಗಿಯೇ ಇರಲಿಲ್ಲ.

ಬೀಲಾಕ್ ಮೂವತ್ತನಾಲ್ಕು ವರ್ಷ ಕಾರಿನ ಕಾರ್ಖಾನೆಯಲ್ಲಿ ಬಾಗಿಲು ಕೂರಿಸಿದವರು. ಅವರ ಗ್ಯಾರೇಜಿನಲ್ಲಿ ಕಡುಹಸಿರು ಬಣ್ಣದ ಹಳೇ ಬ್ಯೂಯಿಕ್ ಕಾರೊಂದು ನಿಂತಿತ್ತು. ಹದಿನಾಲ್ಕು ತಿಂಗಳ ಹಿಂದೆ ಅವರು ಅಂಚೆಡಬ್ಬಕ್ಕೆ ಗುದ್ದಿದಾಗ ಮಗಳು ಡೋರೀನ್ ಟೊಲೀಡೊ ಎಂಬ ಊರಿನಿಂದ ಬಂದು ಕಾರಿನ ಎರಡೂ ಬೀಗದ ಕೈ ತೆಗೆದುಕೊಂಡು ಹೋಗಿದ್ದಳು. ಅಂದಿನಿಂದ ಅವರು ಮನೆ ಬಿಟ್ಟು ಹೊರಬಿದ್ದದ್ದು ಡಾಕ್ಟರ ಹತ್ತಿರ ಹೋಗುವಾಗ ಮಾತ್ರ, ಅದೂ ಮಗಳು ರಜ ಹಾಕಿ ಬಂದಾಗ. ಚರ್ಚು ಎರಡು ಮೈಲಿ, ಕ್ಷೌರದಂಗಡಿ ಮೂರು ಮೈಲಿ, ಜೊತೆಗೆ ಇಸ್ಪೀಟಾಡುತ್ತಿದ್ದ ಗೆಳೆಯ ಐದು ಮೈಲಿ. ಎಲ್ಲ ನಿಂತುಹೋಯಿತು. ಆದರೂ ವಾರಕ್ಕೊಮ್ಮೆ ತಡವರಿಸಿಕೊಂಡು ಹೋಗಿ ಬ್ಯಾಟರಿಗೆ ಚಾರ್ಜರ್ ಸಿಕ್ಕಿಸಿ ಬರುತ್ತಿದ್ದರು.

"ಓಡಿಸೋ ಹಾಗಿಲ್ಲವಲ್ಲ, ಯಾಕೆ ಮಿಸ್ಟರ್ ಬೀಲಾಕ್?"

"ನನ್ನ ಕಣ್ಣು ಸತ್ರೆ ಅದೂ ಸಾಯ್ಬೇಕಾ?"

ಫೆಬ್ರವರಿಯ ಹೊತ್ತಿಗೆ ವರ್ಲೀನ್ ಎರಡು ಸಲ ತಡವಾಗಿ ತಲುಪಿದ್ದಳು, ಎರಡೂ ಬಸ್ಸಿನ ದೆಸೆಯಿಂದ. ಒಂದು ಸಲ ಹನ್ನೊಂದು ನಿಮಿಷ, ಇನ್ನೊಂದು ಸಲ ನಾಲ್ಕು. ಸಂಸ್ಥೆಯಿಂದ ಎಚ್ಚರಿಕೆಯ ಸಂದೇಶ ಬಂದಿತ್ತು. ಅದನ್ನು ಅವಳು ಅಳಿಸಲಿಲ್ಲ. ಬಸ್ಸಿಗಾಗಿ ಕಾಯುವಾಗ ತೆಗೆದು ಓದುವುದು, ಮತ್ತೆ ಒಳಗಿಡುವುದು.

ಕ್ರೈಸ್ತರ ನಲವತ್ತು ದಿನಗಳ ಉಪವಾಸ ಶುರುವಾಗುವ ಮುನ್ನಾದಿನ, ಮಂಗಳವಾರ, ಆ ಸೀಮೆಯಲ್ಲಿ ಎಲ್ಲರೂ ಪೂಂಚ್ಕಿ ತಿನ್ನುವ ದಿನ. ಪೋಲಿಷ್ ಬೇಕರಿಗಳ ಮುಂದೆ ಬೆಳಗಾಗುವ ಮೊದಲೇ ಸಾಲು ನಿಲ್ಲುತ್ತದೆ. ಬೀಲಾಕ್ ಒಂದು ವಾರದಿಂದ ಅದೇ ಜಪ ಮಾಡುತ್ತಿದ್ದರು. ಎಣ್ಣೆಯಲ್ಲಿ ಕರಿದ, ಹೊಟ್ಟೆಯೊಳಗೆ ಹಣ್ಣಿನ ಜಾಮು ತುಂಬಿದ ಆ ದಪ್ಪ ಬನ್ನು ಅವರ ಕಾಯಿಲೆಗೆ ವಿಷ.

"ಅರ್ಧ," ಎಂದಿದ್ದರು. "ಅರ್ಧ ತಿಂದು ಸತ್ರೆ ಸಾಯ್ತೀನಿ. ಪೋಲಿಷ್‌ನೋನು ಪೂಂಚ್ಕಿ ಇಲ್ದೆ ಈ ದಿನ ಕಳೆದ ಅಂತ ಮೇಲೆ ಹೋಗಿ ನನ್ ಹೆಂಡ್ತಿಗೆ ಹೇಗೆ ಹೇಳ್ಲಿ?"

ವರ್ಲೀನ್ ಸೋಮವಾರ ಸಂಜೆಯೇ ನಾಲ್ಕು ಪೂಂಚ್ಕಿಯ ಒಂದು ಪೊಟ್ಟಣ ತಂದಿಟ್ಟಿದ್ದಳು. ಮಂಗಳವಾರ ಪರದೆ ಸರಿಸಿದಾಗ ರಸ್ತೆ ಇರಲಿಲ್ಲ. ನಿಂತ ಕಾರುಗಳು ಬಿಳಿ ದಿಬ್ಬಗಳಾಗಿದ್ದವು.

ನಗರದ ಬಸ್ಸು ನಲವತ್ತು ನಿಮಿಷ ತಡವಾಗಿ ಬಂತು. ಉಪನಗರದ ಬಸ್ಸು ಅಷ್ಟರಲ್ಲಿ ಹೊರಟುಹೋಗಿತ್ತು. ಮುಂದಿನದಕ್ಕೆ ಇನ್ನೂ ಅರ್ಧ ಗಂಟೆ. ವರ್ಲೀನ್ ನಿಲ್ದಾಣದ ಗಾಜಿನ ಗೂಡಿನಲ್ಲಿ ನಿಂತು ಲೆಕ್ಕ ಹಾಕಿದಳು. ಹೇಗೆ ಹಾಕಿದರೂ ಎಂಟೂವರೆಗೆ ತಲುಪುವ ದಾರಿ ಕಾಣಲಿಲ್ಲ. ಬೀಲಾಕ್‌ಗೆ ಫೋನ್ ಮಾಡಿದಳು.

"ತಡ ಆಗತ್ತೆ, ಮಿಸ್ಟರ್ ಬೀಲಾಕ್. ಒಂದು ಗಂಟೆ ಆಗ್ಬಹುದು. ನಾನು ಬರೋವರೆಗೂ ಪೆನ್ನು ಮುಟ್ಬೇಡಿ."

"ತಂಗಿ ಮಗ ಎಲ್ಲಿ ಸಿಕ್ಕಾಕೊಂಡ?"

"ಹಿಮ ಇದೆಯಲ್ಲ. ಅವನು ನಿಧಾನಕ್ಕೆ ಬರ್ತಾ ಇದಾನೆ."

"ಹೂಂ," ಎಂದರು ಅವರು. ಆ ಹೂಂ ಸ್ವಲ್ಪ ಉದ್ದವಾಗಿತ್ತು. "ನಿಧಾನಕ್ಕೇ ಬರ್ಲಿ. ನಾನೇನು ಮಗೂನಾ?"

ಬಸ್ಸು ಗಡಿ ಮುಟ್ಟಿದಾಗ ಒಂಬತ್ತು ಗಂಟೆ ಐದು ನಿಮಿಷ. ಕ್ಲೀಟಸ್ ಬಾಗಿಲು ತೆರೆದು ಹೊರಗೆ ನೋಡಿ, "ಇವತ್ತು ಹೋಗ್ಲೇಬೇಕಾ?" ಎಂದ. ವರ್ಲೀನ್ ಚೀಲ ಹಿಡಿದು ಇಳಿದಳು. ಲಾರಿಗಳು ರಸ್ತೆಯ ಹಿಮವನ್ನೆಲ್ಲ ಗೋರಿ ಕಾಲುದಾರಿಯ ಮೇಲೆ ಸೊಂಟದೆತ್ತರ ಒಟ್ಟಿದ್ದವು. ಕಾರುಗಳಿಗೆ ದಾರಿ ಚೊಕ್ಕಟವಾಗಿತ್ತು. ಅವಳು ಪಟ್ಟೆಯ ಅಂಚಿನಲ್ಲೇ, ಎದುರು ಬರುವವರಿಗೆ ಕಾಣಲೆಂದು ಒಂದು ಕೈ ಮೇಲೆತ್ತಿಕೊಂಡು ನಡೆದಳು. ಒಂದೊಂದು ಕಾರು ಹಾದಾಗಲೂ ಕೆಸರು ನೀರು ಮೊಣಕಾಲಿಗೆ ರಾಚುತ್ತಿತ್ತು. ಮನೆಗೆ ಇನ್ನೊಮ್ಮೆ ಫೋನ್ ಮಾಡಿದಳು. ಗಂಟೆ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ.

ಬಚ್ಚಲಲ್ಲಿರಬಹುದು ಎಂದುಕೊಂಡಳು. ಬಿದ್ದಿರಬಹುದು ಎಂದುಕೊಂಡಳು. ಪೆನ್ನು ಮುಟ್ಟಿರಬಹುದು ಎಂದುಕೊಂಡ ಮೇಲೆ ಬೇರೇನೂ ಹೊಳೆಯಲಿಲ್ಲ. ಸೇತುವೆಯ ಬಳಿ ಸಾಮಾನ್ಯವಾಗಿ ನಿಂತು ಕಾಯುವವಳು ಅಂದು ಕಾಯದೆಯೇ ಓಡಲಾರಂಭಿಸಿದಳು.

ಅರ್ಧ ಸೇತುವೆ ದಾಟಿದಾಗ ಎದುರಿನ ಏರಿನಿಂದ ಒಂದು ಕಾರು ಇಳಿಯಿತು. ಅದು ಇತರ ಕಾರುಗಳಂತೆ ಬರುತ್ತಿರಲಿಲ್ಲ. ಪಟ್ಟೆಯ ಗೆರೆ ಬಿಟ್ಟು ನಡುವಿಗೆ ವಾಲುವುದು, ಏನೋ ನೆನಪಾದಂತೆ ಮತ್ತೆ ಅಂಚಿಗೆ ಬರುವುದು. ಹಿಂದಿದ್ದವರು ಹಾರ್ನ್ ಒತ್ತುತ್ತಿದ್ದರು. ಕಡುಹಸಿರು ಬಣ್ಣ ಕಂಡಾಗ ಅವಳ ಕಾಲು ಅಲ್ಲೇ ಕಚ್ಚಿಕೊಂಡಿತು. ಹಿಂದಕ್ಕೆ ಓಡಲು ನಲವತ್ತು ಹೆಜ್ಜೆ, ಮುಂದಕ್ಕೆ ನಲವತ್ತು. ಒಂದು ಬದಿ ಕಬ್ಬಿಣದ ತಡೆ, ತಡೆಯ ಆಚೆ ತೊರೆ. ವರ್ಲೀನ್ ತಡೆಯ ಮೇಲೆ ಹತ್ತಿ, ಆಚೆಬದಿಗೆ ಕಾಲು ಹಾಕಿ, ಕಂಬವನ್ನು ತಬ್ಬಿಕೊಂಡಳು. ಕಾರು ಅವಳಿಂದ ಮೂರು ಮಾರು ದೂರದಲ್ಲಿ ತಡೆಗೆ ಉಜ್ಜಿತು. ಕಬ್ಬಿಣ ಕಿರುಗುಟ್ಟಿದ್ದು ಅವಳ ಹಲ್ಲಿನೊಳಗೆ ಕೇಳಿಸಿತು. ಉಜ್ಜಿಕೊಂಡೇ ಬಂದು ಅವಳ ಮೊಣಕಾಲಿನ ಪಕ್ಕದಲ್ಲಿ ನಿಂತಿತು.

ಬೀಲಾಕ್ ಸ್ಟೀರಿಂಗ್ ಹಿಡಿದು ಕೂತಿದ್ದರು. ಕಾಲಲ್ಲಿ ಮನೆಯ ಚಪ್ಪಲಿ. ಅಷ್ಟು ಚಳಿಯಲ್ಲೂ ಹಣೆಯಿಂದ ಬೆವರು ಇಳಿಯುತ್ತಿತ್ತು. ಮುಖ ಬಿಳಿಚಿಕೊಂಡಿತ್ತು. ವರ್ಲೀನ್ ತಡೆ ಇಳಿದು, ಕಾರನ್ನು ಸುತ್ತಿ ಬಂದು, ರಸ್ತೆ ಬದಿಯ ಹಿಂಬಾಗಿಲು ತೆರೆದು, ಸೀಟಿನ ಮೇಲಿಂದ ಮುಂದಕ್ಕೆ ನುಸುಳಿ ಕೂತು ಮೊದಲು ಬೀಗದ ಕೈ ತಿರುಗಿಸಿ ಇಂಜಿನ್ ಆರಿಸಿದಳು.

"ಪೆನ್ನು ಹಾಕ್ಕೊಂಡ್ರಾ? ಮಿಸ್ಟರ್ ಬೀಲಾಕ್, ನನ್ನ ನೋಡಿ. ಪೆನ್ನು ಹಾಕ್ಕೊಂಡ್ರಾ?"

"ಕ್ಲಿಕ್ ಎಣಿಸ್ದೆ," ಎಂದರು. ಮಾತು ತೊದಲುತ್ತಿತ್ತು. "ಎಷ್ಟೋ ಎಣಿಸ್ದೆ."

"ಏನಾದ್ರೂ ತಿಂದ್ರಾ?"

ಮೈಯಲ್ಲಿ ಸಕ್ಕರೆ ಕುಸಿದಿತ್ತು. ಕಣ್ಣು ಮೇಲಕ್ಕೆ ಹೋಗುತ್ತಿತ್ತು. ಅವಳು ಚೀಲದಿಂದ ಪೊಟ್ಟಣ ಹರಿದು, ಪೂಂಚ್ಕಿ ಒಡೆದು, ಒಳಗಿನ ಜಾಮನ್ನು ಬೆರಳಲ್ಲಿ ತೆಗೆದು ಅವರ ಒಸಡಿಗೆ ಒರೆಸಿದಳು. "ನುಂಗಿ. ಇನ್ನೊಂಚೂರು. ನುಂಗಿ." ಎರಡನೆಯದನ್ನು ಒಡೆದಳು. ಎಡಗೈಯಲ್ಲಿ ಫೋನ್ ಹಿಡಿದು ತುರ್ತು ಸಹಾಯದ ಒಂಬತ್ತು ಒಂದು ಒಂದು ಒತ್ತಿದಳು.

ಕರೆ ಹೋಗಿ ಸೇರುವಷ್ಟರಲ್ಲಿ ಅವರಿಗೆ ಸ್ವಲ್ಪ ಪ್ರಜ್ಞೆ ಬಂತು. ಅವಳ ತೋಳು ಹಿಡಿದರು. "ಬೇಡ. ಫೋನ್ ಬೇಡ. ಡೋರೀನ್‌ಗೆ ಗೊತ್ತಾದ್ರೆ ನನ್ನ ವೃದ್ಧಾಶ್ರಮಕ್ಕೆ ಹಾಕ್ತಾಳೆ. ನೀನೇ ಓಡಿಸ್ಕೊಂಡು ಮನೆಗೆ ಬಿಡು. ಯಾರ್ಗೂ ಹೇಳ್ಬೇಡ, ವರ್ಲೀನ್. ಫೋನ್ ಕೆಟ್ಟಿತ್ತು, ಎಂಟೂವರೆಗೇ ಬಂದ್ಲು ಅಂತ ನಾನೇ ಹೇಳ್ತೀನಿ, ನಿನ್ ಕೆಲ್ಸಾನೂ ಉಳಿಯತ್ತೆ."

ಉಳಿಯಲೂಬಹುದಿತ್ತು. ಕಾರು ಇನ್ನೂ ಓಡುವಂತಿತ್ತು. ಮನೆ ಅರ್ಧ ಮೈಲಿ. ಅವಳ ಪರವಾನಗಿಯ ಅವಧಿ ಮುಗಿದು ವರ್ಷವಾಗಿತ್ತು, ಆದರೂ ಅರ್ಧ ಮೈಲಿ ಓಡಿಸಲು ಕೈ ಮರೆತಿರಲಿಲ್ಲ. ಫೋನಿನಲ್ಲಿ ಒಬ್ಬ ಹೆಂಗಸು, "ಎಲ್ಲಿದ್ದೀರಿ?" ಎಂದು ಕೇಳುತ್ತಿದ್ದಳು. ವರ್ಲೀನ್ ಮುದುಕರ ಕೈಯನ್ನು ನೋಡಿದಳು. ಎಷ್ಟು ಕ್ಲಿಕ್ ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಇನ್ನೊಂದು ಗಳಿಗೆಯಲ್ಲಿ ಸಕ್ಕರೆ ಮತ್ತೆ ಇಳಿಯಬಹುದು.

"ತೋಟದ ಪಕ್ಕದ ಸೇತುವೆ ಮೇಲೆ," ಎಂದಳು ಫೋನಿಗೆ. "ಬೇಗ ಬನ್ನಿ."

ಬೀಲಾಕ್ ಕೈ ತೆಗೆದು ಕಿಟಕಿಯ ಕಡೆ ತಿರುಗಿ ಕೂತರು. ಆಂಬುಲೆನ್ಸ್ ಬರುವವರೆಗೂ ಜಾಮು ತಿನ್ನಿಸಿಕೊಂಡರು. ಗಾಡಿಯ ಸದ್ದು ದೂರದಲ್ಲಿ ಕೇಳಿಸಿದಾಗ ಮಾತ್ರ ಹೇಳಿದರು:

"ಜನವರಿಯಿಂದ್ಲೇ ಗೊತ್ತು ನಂಗೆ. ಕಾರಲ್ಲಿ ಬಂದೋರು ಬಾಗಿಲಲ್ಲಿ ನಿಂತು ಐದು ನಿಮಿಷ ಕಾಲು ಕೊಡವಲ್ಲ. ಇಷ್ಟು ಹಿಮದಲ್ಲಿ ನಡ್ಕೊಂಡು ಬರ್ತಿದೀಯ ಅಂತ ಕರ್ಕೊಂಡು ಬರೋಣ ಅಂತ ಬಂದೆ."

"ನನ್ನೇ ಗುದ್ದೋರಿದ್ರಿ."

"ಕಾಣ್ಲಿಲ್ಲ," ಎಂದರು. "ನಿಜಕ್ಕೂ ಕಾಣ್ಲಿಲ್ಲ, ವರ್ಲೀನ್."

ಮೂರನೇ ಬೀಗದ ಕೈ ಅವರ ಬಳಿ ಮೊದಲಿನಿಂದಲೂ ಇತ್ತಂತೆ, ಬೋಲ್ಟುಗಳ ಡಬ್ಬದಲ್ಲಿ.

ಆಸ್ಪತ್ರೆಯ ಪಡಸಾಲೆಯಲ್ಲಿ ವರ್ಲೀನ್ ಒದ್ದೆ ಬೂಟಿನಲ್ಲೇ ಕೂತಿದ್ದಳು. ಹತ್ತೂವರೆಗೆ ಸಂಸ್ಥೆಯಿಂದ ಫೋನು: ಹಾಜರಿ ಬಿದ್ದಿಲ್ಲ, ಏಕೆ? ಅವಳು ಹೇಳಿದಳು. ಆಚೆಯ ಹೆಂಗಸು ಎಲ್ಲ ಕೇಳಿಸಿಕೊಂಡು, "ನಿಮ್ಮ ವಾಹನಕ್ಕೆ ಏನಾಗಿತ್ತು?" ಎಂದಳು. ವರ್ಲೀನ್ ಅದನ್ನೂ ಹೇಳಿಬಿಟ್ಟಳು. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ, ಆ ಮನೆಗೆ ಇನ್ನು ಹೋಗುವುದು ಬೇಡ ಎಂಬ ಸಂದೇಶ ಬಂತು.

ಡೋರೀನ್ ಒಂದು ಗಂಟೆಗೆ ಬಂದಳು. ಐವತ್ತರ ಆಸುಪಾಸಿನ ಎತ್ತರದ ಹೆಂಗಸು, ಕೋಟಿನ ಗುಂಡಿ ತಪ್ಪಿ ಹಾಕಿಕೊಂಡಿದ್ದಳು. ಅಪ್ಪನನ್ನು ನೋಡಿ ಹೊರಗೆ ಬಂದು ವರ್ಲೀನಳ ಎದುರು ನಿಂತಳು.

"ಒಂದು ಗಂಟೆ ತಡ. ಅವ್ರಿಗೆ ಏನಾದ್ರೂ ಆಗಿದ್ರೆ?"

"ಗೊತ್ತು."

"ಕಾರಿದೆ ಅಂತ ಸಂಸ್ಥೆಯೋರು ನನಗೆ ಹೇಳಿದ್ರು. ಕಾರಿದ್ದೋರನ್ನೇ ಕಳಿಸಿ ಅಂತ ನಾನು ಕೇಳಿದ್ದೆ."

"ಇರ್ಲಿಲ್ಲ. ಬಸ್ಸಲ್ಲಿ ಬರ್ತಿದ್ದೆ. ಆಮೇಲೆ ನಡೀತಿದ್ದೆ."

"ಎಲ್ಲಿಂದ ನಡೀತಿದ್ರಿ? ಅಲ್ಲಿ ನಡೆಯೋಕೆ ಜಾಗ ಎಲ್ಲಿದೆ?"

"ಇಲ್ಲ," ಎಂದಳು ವರ್ಲೀನ್.

ಡೋರೀನ್ ಪಕ್ಕದ ಕುರ್ಚಿಯಲ್ಲಿ ಕೂತು ಅವಳ ಒದ್ದೆ ಬೂಟುಗಳನ್ನು ನೋಡಿದಳು. ನಾಲ್ಕು ಗಂಟೆಗೆ ವರ್ಲೀನ್ ಹೊರಡಲು ಎದ್ದಾಗ, ಆಸ್ಪತ್ರೆಯಿಂದ ಬಸ್ಸು ಎಲ್ಲಿ ಸಿಗುತ್ತದೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಡೋರೀನ್ ತಾನೇ ಬಿಡುತ್ತೇನೆಂದಳು. ದಾರಿ ಎಲ್ಡರ್‌ವುಡ್ ಹಾದು ಹೋಗುತ್ತಿತ್ತು. ಸೇತುವೆ ಬಂದಾಗ ತಡೆಯ ಮೇಲೆ ಹಸಿರು ಬಣ್ಣದ ಉದ್ದ ಗೀರು ಕಾಣಿಸಿತು. ಡೋರೀನ್ ನಿಧಾನ ಮಾಡಿದಳು. ಹಿಂದಿನ ಕಾರು ತಕ್ಷಣ ಹಾರ್ನ್ ಹೊಡೆಯಿತು.

"ನೀವು ಎಲ್ಲಿ ನಿಂತಿದ್ರಿ?"

"ತಡೆಯ ಆಚೆ."

ಡೋರೀನ್ ಪೀಠೋಪಕರಣದ ಅಂಗಡಿಯವರೆಗೂ ಕಾರು ಓಡಿಸಿದಳು. ಆಮೇಲೆ, "ನಾನು ಈ ರಸ್ತೆಯಲ್ಲೇ ಬೆಳೆದೋಳು. ಒಂದ್ ಸಲಾನೂ ಇಲ್ಲಿ ನಡೆದಿಲ್ಲ," ಎಂದಳು.

ಎರಡು ವಾರ ಕಳೆದ ಮೇಲೆ ಅವಳಿಂದ ಫೋನು ಬಂತು. ಸಂಸ್ಥೆ ಕಳಿಸಿದ ಹೊಸ ಹುಡುಗಿಗೆ ಅಪ್ಪ ಬಾಗಿಲೇ ತೆಗೆಯುತ್ತಿಲ್ಲ. ಸಂಸ್ಥೆ ಬೇಡ, ವರ್ಲೀನ್ ನೇರವಾಗಿ ತಮ್ಮ ಬಳಿಯೇ ಕೆಲಸಕ್ಕೆ ಬರಬಹುದೇ? ಬಸ್ಸು ತಿರುಗುವ ಜಾಗದಿಂದ ಮನೆಯವರೆಗೆ ಬಾಡಿಗೆ ಕಾರನ್ನು ತಾನೇ ಫೋನಿನಲ್ಲಿ ಗೊತ್ತುಮಾಡುತ್ತೇನೆ ಎಂದಳು.

"ಅದೂ ಕಾರೇ ಆಯ್ತು," ಎಂದಳು ಒಡೆಸ್ಸಾ. "ಬಿಡು, ನಿನ್ನ ಸುಳ್ಳು ಕೊನೆಗೂ ನಿಜ ಆಯ್ತು."

ಬಾಡಿಗೆ ಕಾರು ಕೆಲವು ದಿನ ಬರುತ್ತಿತ್ತು. ಕೆಲವು ದಿನ ಫೋನು ಐದು ನಿಮಿಷ ಎಂದು ತೋರಿಸಿ, ಒಂಬತ್ತು ಎಂದು ತೋರಿಸಿ, ಆಮೇಲೆ ಇಲ್ಲವೇ ಇಲ್ಲ ಎನ್ನುತ್ತಿತ್ತು. ಒಂದೂಮುಕ್ಕಾಲು ಮೈಲಿಯ ಸವಾರಿಗೆಂದು ಅಷ್ಟು ದೂರ ಬರಲು ಯಾರಿಗೂ ಗಿಟ್ಟುತ್ತಿರಲಿಲ್ಲ. ಅಂಥ ದಿನ ವರ್ಲೀನ್ ಮತ್ತೆ ನಡೆಯುತ್ತಿದ್ದಳು. ಸೇತುವೆಯಲ್ಲಿ ಈಗ ಅವಳಿಗೆ ಮೊದಲಿಗಿಂತ ಹೆಚ್ಚು ಭಯ. ದೂರದಲ್ಲಿ ಯಾವ ಹಸಿರು ಕಾರು ಕಂಡರೂ ತಡೆ ಹಿಡಿದು ನಿಂತುಬಿಡುತ್ತಿದ್ದಳು. ಬ್ಯೂಯಿಕ್ ಆಗಲೇ ಗುಜರಿಗೆ ಹೋಗಿತ್ತು.

ನವೆಂಬರಿನಲ್ಲಿ ಬಸ್ಸಿನ ವಿಷಯ ಐದನೇ ಸಲ ಮತಕ್ಕೆ ಬಂತು. ಅಂಚೆಯಲ್ಲಿ ಬಂದ ಮತಪತ್ರವನ್ನು ಬೀಲಾಕ್ ಅಡುಗೆಮನೆಯ ಮೇಜಿನ ಮೇಲಿಟ್ಟು, ಓದು ಎಂದರು. ವರ್ಲೀನ್ ಒಂದೊಂದನ್ನೇ ಓದಿದಳು, ಅವರು ಹೇಳಿದಲ್ಲಿಗೆ ಅವರ ಬೆರಳನ್ನು ಒಯ್ದಳು. ಬಸ್ಸಿನ ತೆರಿಗೆಯ ಪ್ರಶ್ನೆ ಬಂದಾಗ ಅವಳ ದನಿ ಸಣ್ಣದಾಯಿತು.

"ನಾಲ್ಕು ಸಲಾನೂ ಬೇಡ ಅಂತ ಹಾಕಿದೀನಿ," ಎಂದರು. "ಅಲ್ಲಿಂದ ಇಲ್ಲಿಗೆ ಯಾರ್ ಬರ್ತಾರೆ, ಇಲ್ಲಿಂದ ಅಲ್ಲಿಗೆ ಯಾರ್ ಹೋಗ್ತಾರೆ ಅಂತ. ಕಾರು ಮಾಡಿ ಬದುಕಿದೋನು ನಾನು."

"ನಾನು ಬರೀ ಓದ್ತೀನಿ, ಮಿಸ್ಟರ್ ಬೀಲಾಕ್. ಹೇಳೋದು ನೀವು."

"ಹೌದು ಅನ್ನೋದು ಎಲ್ಲಿದೆ, ತೋರ್ಸು."

ಅವಳು ಬೆರಳನ್ನು ಅಲ್ಲಿಗೆ ಒಯ್ದಳು. ಅವರು ಪೆನ್ನಿನಿಂದ ಗುಂಡಗೆ ತೀಡುತ್ತ ಗೆರೆಯಿಂದ ಆಚೆಗೂ ಹೋದರು. ಅದು ಎಣಿಕೆಗೆ ಬಾರದೆ ಹೋದರೆ ಎಂಬ ಆತಂಕ ಅವಳನ್ನು ದಿನವಿಡೀ ಕಾಡಿತು.

ತೆರಿಗೆ ಇನ್ನೂರ ಚಿಲ್ಲರೆ ಮತಗಳಿಂದ ಗೆದ್ದಿತು. ಬಸ್ಸು ಮರುದಿನವೇ ಬರಲಿಲ್ಲ. ಹೊಸ ಗಾಡಿ ಕೊಳ್ಳಬೇಕು, ಚಾಲಕರು ಸಿಗಬೇಕು, ನಿಲ್ದಾಣ ಎಲ್ಲೆಲ್ಲಿ ಎಂದು ಸಭೆ ಕೂರಬೇಕು. ಅಷ್ಟರಲ್ಲಿ ಮುಂದಿನ ಏಪ್ರಿಲ್ ತಿಂಗಳಲ್ಲಿ ಬೀಲಾಕ್ ನಿದ್ದೆಯಲ್ಲೇ ತೀರಿಕೊಂಡರು, ತಮ್ಮ ಮನೆಯ ಮಂಚದ ಮೇಲೆ. ವೃದ್ಧಾಶ್ರಮ ಅವರಿಗೆ ತಪ್ಪಿತು. ವರ್ಲೀನ್ ಅಂತ್ಯಕ್ರಿಯೆಗೆಂದು ಚರ್ಚಿಗೆ ಹೋಗಲು ಬಾಡಿಗೆ ಕಾರು ಸಿಗದೆ ಪೂಜೆಯ ಕೊನೆಗೆ ತಲುಪಿದಳು. ಡೋರೀನ್ ಎದ್ದುಬಂದು ಅವಳನ್ನು ಮನೆಯವರ ಸಾಲಿನಲ್ಲಿ ಕೂರಿಸಿದಳು.

ಅಕ್ಟೋಬರಿನಲ್ಲಿ ಎಲ್ಡರ್‌ವುಡ್‌ಗೆ ಬಸ್ಸು ಶುರುವಾಯಿತು. ವರ್ಲೀನ್‌ಗೆ ಬೇರೊಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಯ ಅರ್ಜಿಯಲ್ಲೂ ಅದೇ ಪ್ರಶ್ನೆ ಇತ್ತು. ಈ ಸಲ ಅವಳು ಬಸ್ಸಿನ ಸಂಖ್ಯೆ ಬರೆದಿದ್ದಳು. ಕಳಿಸಿದ್ದು ಅದೇ ರಸ್ತೆಗೆ, ಪಾರ್ಶ್ವವಾಯು ಬಡಿದ ಒಬ್ಬ ನಿವೃತ್ತ ಶಿಕ್ಷಕಿಯ ಮನೆಗೆ. ಮೊದಲ ದಿನ ಬಸ್ಸು ಅಂಗಡಿಯ ಮುಂದೆ ಸುತ್ತು ಹಾಕದೆ ನೇರ ನಡೆದು, ಸೇತುವೆಯನ್ನು ಎರಡು ಉಸಿರಿನಲ್ಲಿ ದಾಟಿತು. ವರ್ಲೀನ್ ಕಿಟಕಿಯಿಂದ ನೋಡಲಿಲ್ಲ.

ಇಳಿದಾಗ ನಿಲ್ದಾಣವೆಂದರೆ ಹುಲ್ಲಿನಲ್ಲಿ ನೆಟ್ಟ ಒಂದು ಕಂಬ. ಮನೆ ಎದುರಿಗೇ ಕಾಣುತ್ತಿತ್ತು, ಅದರ ಮೆಟ್ಟಿಲನ್ನೂ ಎಣಿಸಬಹುದಿತ್ತು. ನಡುವೆ ಏಳು ಪಟ್ಟೆಯ ರಸ್ತೆ, ಗಾಳಿ ಸೀಳಿಕೊಂಡು ಓಡುವ ಕಾರುಗಳು. ದಾಟಲು ಬಿಳಿ ಗೆರೆ ಇರಲಿಲ್ಲ. ಸಿಗ್ನಲ್ ಇದ್ದದ್ದು ಕಾಲು ಮೈಲಿ ಆಚೆ. ಫೋನಿನಲ್ಲಿ ಗಂಟೆ ನೋಡಿದಳು: ಹಾಜರಿಗೆ ಹದಿನಾಲ್ಕು ನಿಮಿಷ. ಅದೇ ಬಸ್ಸಿನಿಂದ ಇನ್ನೊಬ್ಬಳು ಇಳಿದಿದ್ದಳು, ಕೋಟಿನ ಕೆಳಗೆ ನೀಲಿ ನರ್ಸ್ ಬಟ್ಟೆ ತೊಟ್ಟ ಚಿಕ್ಕ ವಯಸ್ಸಿನವಳು.

"ಇಲ್ಲೇ ಓಡಿಬಿಡೋಣ್ವಾ?" ಎಂದಳು ಅವಳು.

"ಬೇಡಮ್ಮ," ಎಂದಳು ವರ್ಲೀನ್. "ಸಿಗ್ನಲ್‌ವರೆಗೂ ಹೋಗೋಣ. ಬೇಗ ಹೆಜ್ಜೆ ಹಾಕು."

ಇಬ್ಬರೂ ಒದ್ದೆ ಹುಲ್ಲಿನಲ್ಲಿ ಒಬ್ಬರ ಹಿಂದೊಬ್ಬರು ನಡೆದರು. ಸಿಗ್ನಲ್ ಕಂಬದ ಗುಂಡಿ ಒತ್ತಿ ನಿಂತರು. ದಾಟಬಹುದೆಂದು ಮನುಷ್ಯನ ಬಿಳಿ ಆಕೃತಿ ಬೆಳಗಿದಾಗ ರಸ್ತೆಗಿಳಿದರು. ನಾಲ್ಕನೇ ಪಟ್ಟೆಗೆ ಬರುವಷ್ಟರಲ್ಲಿ ಉಳಿದ ಸೆಕೆಂಡುಗಳ ಕೆಂಪು ಅಂಕಿಗಳು ಇಳಿಯತೊಡಗಿದವು. ವರ್ಲೀನ್ ಆ ಹುಡುಗಿಯ ಮೊಣಕೈ ಹಿಡಿದು ಓಡಿದಳು.